ನಗುವಿಗೂ ಒಂದು ಒರೆಗಲ್ಲು



ಓದುಗ ಸಹೋದರಿಯೊಬ್ಬರು ಈ ಅಂಕಣಕ್ಕೆ ಬರೆದ ಕಾಗದವೊಂದು ನನ್ನನ್ನು ಬಹಳ ದಿನ ಕಾಡಿತು. ಅವರ ಮನೆಯಲ್ಲಿ ನಡೆದ ಸಣ್ಣ ಸಂಗತಿ ಅದು; ಆದರೆ ಇಂದು ಎಷ್ಟೋ ಮನೆಗಳಲ್ಲಿ ನಡೆಯುವಂಥದೂ ಹೌದು. ಇಂಜಿನಿಯರಿಂಗ್ ಓದುತ್ತಿರುವ ಮಗ ರಜೆಗೆ ಊರಿಗೆ ಬಂದಿದ್ದಾನೆ. ಹಗಲೆಲ್ಲ ಗಣಕಯಂತ್ರದ ಮುಂದೆ ಕುಳಿತು ಹಳೆಯದೊಂದು ವಿಡಿಯೊ ಗೇಮ್ ಆಡುತ್ತಾನೆ, ತನ್ನಷ್ಟಕ್ಕೆ ತಾನೇ ನಗುತ್ತಾನೆ. ಒಂಬತ್ತು ವರ್ಷದ ತಂಗಿಯೂ ಪಕ್ಕದಲ್ಲಿ ಕುಳಿತು ನಗುತ್ತಾಳೆ. ಒಂದು ಸಂಜೆ ಮನೆಯ ಯಜಮಾನರು ಹಿಂದಿನಿಂದ ಬಂದು ನೋಡಿದಾಗ, ಮೊಲದಂಥ ಪ್ರಾಣಿಯೊಂದು ಬೆಕ್ಕಿನ ಗಂಟಲಿಗೆ ಕೈ ತೂರಿಸಿ ಏನನ್ನೋ ಹೊರಗೆಳೆಯುತ್ತಿತ್ತು. ಅವರಿಗೆ ಸಿಟ್ಟು ಬಂದಿತು. ‘ಇದು ನಗುವ ವಿಷಯವೇ?’ ಎಂದು ಗದರಿ ಯಂತ್ರವನ್ನು ನಿಲ್ಲಿಸಿದರು. ಅಂದಿನಿಂದ ತಂದೆ-ಮಗನ ನಡುವೆ ಮಾತು ಕಡಿಮೆ.

ತಾಯಿ ವಿವೇಕಿ. ಜಗಳದಲ್ಲಿ ಪಕ್ಷ ವಹಿಸುವ ಮೊದಲು ಆ ಆಟವನ್ನು ಆಡಿದವರು ಏನು ಹೇಳುತ್ತಾರೆಂದು ತಿಳಿಯಲು ಹೊರಟರು. ಅಲ್ಲಿಯೂ ಎರಡು ಪಕ್ಷ! ಕೆಲವರು ಇದರಷ್ಟು ನಗಿಸಿದ ಆಟ ಬೇರೊಂದಿಲ್ಲವೆಂದು ಕೊಂಡಾಡಿದರೆ, ಕೆಲವರು ತಲೆಬುಡವಿಲ್ಲದ ಒಗಟುಗಳಿಂದ ಬೇಸತ್ತು ಅರ್ಧಕ್ಕೆ ಬಿಟ್ಟೆವೆಂದರು. ‘ಇವರಲ್ಲಿ ಯಾರನ್ನು ನಂಬಲಿ? ಮಗನನ್ನು ತಡೆಯಲೇ? ಮಗಳನ್ನು ಮಾತ್ರ ಎಬ್ಬಿಸಿ ಕಳುಹಿಸಲೇ?’ ಎಂಬುದು ಅವರ ಪ್ರಶ್ನೆ.

ತಿಳಿಯದ ವಿಷಯದಲ್ಲಿ ಬುದ್ಧಿ ಹೇಳುವುದು ಅಂಕಣಕಾರರ ಹಳೆಯ ಚಾಳಿ. ಈ ಬಾರಿ ಹಾಗಾಗಬಾರದೆಂದು ನಾನೂ ನನ್ನ ತಂಗಿಯ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಸಂಜೆ ಆ ಆಟವನ್ನು ಆಡಿದೆ, ಆಡಿದವರ ಅಭಿಪ್ರಾಯಗಳನ್ನೂ ಓದಿದೆ. ತಿಳಿದುಬಂದುದನ್ನು ನಿಮ್ಮೆದುರು ಇಡುತ್ತಿದ್ದೇನೆ.

ಅಣ್ಣನ ಕೀಟಲೆ, ತಮ್ಮನ ಕೊಡುಗೆ

ಆಟದ ಹೆಸರು ‘ಸ್ಯಾಮ್ ಅಂಡ್ ಮ್ಯಾಕ್ಸ್ ಹಿಟ್ ದ ರೋಡ್’. ಅಮೆರಿಕದ ಲೂಕಾಸ್‌ಆರ್ಟ್ಸ್ ಎಂಬ ಸಂಸ್ಥೆ 1993ರ ನವೆಂಬರಿನಲ್ಲಿ ಇದನ್ನು ಹೊರತಂದಿತು. ಸ್ಯಾಮ್ ಎಂಬುದು ಸೂಟು, ಟೈ, ಟೋಪಿ ಧರಿಸಿ ಎರಡು ಕಾಲಿನ ಮೇಲೆ ನಡೆಯುವ ಗಂಭೀರ ನಾಯಿ. ಮ್ಯಾಕ್ಸ್ ಎಂಬುದು ಮೊಲದಂತೆ ಕಾಣುವ, ಒಂದು ಕ್ಷಣವೂ ಸುಮ್ಮನಿರದ ಬಿಳಿಯ ಪ್ರಾಣಿ. ಇಬ್ಬರೂ ಯಾವ ಸರ್ಕಾರದ ಸಂಬಳಕ್ಕೂ ಸೇರದ ಸ್ವತಂತ್ರ ಪೊಲೀಸರು. ಹಳೆಯ ಕಾರೊಂದರಲ್ಲಿ ಊರೂರು ಸುತ್ತಿ ಅಪರಾಧಗಳನ್ನು ಪತ್ತೆ ಹಚ್ಚುತ್ತಾರೆ. ಪತ್ತೆ ಹಚ್ಚುವ ಭರದಲ್ಲಿ ಅಪರಾಧಿಗಳಿಗಿಂತ ಹೆಚ್ಚಿನ ಹಾನಿಯನ್ನು ತಾವೇ ಮಾಡುತ್ತಾರೆ.

ಈ ಪಾತ್ರಗಳು ಆಟಕ್ಕಾಗಿ ಹುಟ್ಟಿದವಲ್ಲ, ಚಿತ್ರಕಥೆಯಿಂದ ಬಂದವು. ಅವು ಹುಟ್ಟಿದ ಬಗೆ ನಮ್ಮಂಥ ಕುಟುಂಬ ಪತ್ರಿಕೆಯ ಓದುಗರಿಗೆ ಆಟಕ್ಕಿಂತಲೂ ಹೆಚ್ಚು ಹಿಡಿಸೀತು. ಸ್ಟೀವ್ ಪರ್ಸೆಲ್ ಎಂಬ ಚಿತ್ರಕಾರನಿಗೆ ಡೇವ್ ಎಂಬ ತಮ್ಮನಿದ್ದ. ಬಾಲ್ಯದಲ್ಲಿ ಈ ತಮ್ಮ ನಾಯಿ ಮತ್ತು ಮೊಲದ ಪತ್ತೇದಾರಿ ಜೋಡಿಯೊಂದನ್ನು ಕಲ್ಪಿಸಿ, ಅವುಗಳ ಸಾಹಸಗಳನ್ನು ಹಾಳೆಗಳ ಮೇಲೆ ಬರೆಯುತ್ತಿದ್ದ. ಬರೆದುದನ್ನು ಮುಗಿಸದೆ ಅಲ್ಲಲ್ಲಿ ಬಿಡುತ್ತಿದ್ದ. ಅಣ್ಣನೋ ಆ ಹಾಳೆಗಳನ್ನು ಎತ್ತಿಕೊಂಡು, ಪಾತ್ರಗಳ ಹೆಸರು ಅದಲುಬದಲು ಮಾಡಿ, ಅವುಗಳಿಂದ ಅಸಂಬದ್ಧ ಮಾತುಗಳನ್ನಾಡಿಸಿ, ತಮ್ಮನ ಕಥೆಯನ್ನೇ ಅಣಕವಾಗಿ ಮುಗಿಸುತ್ತಿದ್ದ. ಅಣ್ಣಂದಿರ ಕೀಟಲೆ ಯಾವ ದೇಶದಲ್ಲಿಯೂ ಒಂದೇ ತೆರ!

ಇಂಥ ಸಂದರ್ಭದಲ್ಲಿ ತಮ್ಮನು ಮುನಿಸಿಕೊಂಡು ಹಾಳೆಗಳನ್ನು ಹರಿದೆಸೆದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆತನು ಮಾಡಿದ್ದೇ ಬೇರೆ. ಅಣ್ಣನ ಹುಟ್ಟುಹಬ್ಬದಂದು, ಆ ಎರಡು ಪಾತ್ರಗಳ ಮೇಲಿನ ತನ್ನ ಹಕ್ಕನ್ನೇ ಉಡುಗೊರೆಯಾಗಿ ಅವನಿಗೆ ಬಿಟ್ಟುಕೊಟ್ಟ. ಅಂದು ಮನೆಯೊಳಗಿನ ಕೀಟಲೆಯಾಗಿದ್ದುದು 1987ರಲ್ಲಿ ಚಿತ್ರಕಥೆಯ ಪುಸ್ತಕವಾಗಿ ಅಚ್ಚಾಯಿತು. ಮುಂದಿನ ವರ್ಷ ಸ್ಟೀವ್ ಪರ್ಸೆಲ್ ಲೂಕಾಸ್ ಅವರ ಆಟಗಳ ಸಂಸ್ಥೆಯಲ್ಲಿ ಚಿತ್ರಕಾರನಾಗಿ ಸೇರಿದ. 1990ರಿಂದ ಸಂಸ್ಥೆಯ ವಾರ್ತಾಪತ್ರಿಕೆಯಲ್ಲಿ ಈ ಜೋಡಿಯ ಸಣ್ಣ ಚಿತ್ರಕಥೆಗಳು ಬರತೊಡಗಿದವು. ಮೂರು ವರ್ಷಗಳ ಮೇಲೆ ಅವೇ ಪಾತ್ರಗಳು ಆಟವಾದವು. ಶಾನ್ ಕ್ಲಾರ್ಕ್, ಮೈಕೇಲ್ ಸ್ಟೆಮ್ಲ್, ಕೊಲೆಟ್ ಮಿಶೋ ಮತ್ತು ಸ್ವತಃ ಪರ್ಸೆಲ್ ಅದನ್ನು ರೂಪಿಸಿದರು. ಮೂಲ ಚಿತ್ರಕಾರನ ಕೈಯೇ ಆಟದಲ್ಲಿಯೂ ಇದ್ದುದರಿಂದ ಚಿತ್ರಕಥೆಯ ರುಚಿ ಕೆಡಲಿಲ್ಲವೆಂಬುದು ಮೆಚ್ಚಿದವರೆಲ್ಲರ ಒಮ್ಮತದ ಮಾತು.

ಮೆಚ್ಚಿದವರು ಮೆಚ್ಚಿದ್ದೇನನ್ನು?

ಕಥೆ ಇಷ್ಟು. ಜಾತ್ರೆಯ ಡೇರೆಯೊಂದರಲ್ಲಿ ಮಂಜುಗಡ್ಡೆಯೊಳಗೆ ಸೆರೆಯಿಟ್ಟು ತೋರಿಸುತ್ತಿದ್ದ ಬ್ರೂನೊ ಎಂಬ ಕಾಡುಮಾನವನು ತಪ್ಪಿಸಿಕೊಂಡಿದ್ದಾನೆ. ಅವನೊಡನೆ, ಅದೇ ಜಾತ್ರೆಯಲ್ಲಿ ಪ್ರದರ್ಶನಕ್ಕಿದ್ದ ನೀಳ ಕೊರಳಿನ ಟ್ರಿಕ್ಸಿ ಎಂಬ ಹೆಣ್ಣೂ ಕಾಣೆಯಾಗಿದ್ದಾಳೆ. ಅವರನ್ನು ಹುಡುಕುತ್ತ ಸ್ಯಾಮ್ ಮತ್ತು ಮ್ಯಾಕ್ಸ್ ಅಮೆರಿಕದ ಹೆದ್ದಾರಿಗಳ ಬದಿಯ ವಿಚಿತ್ರ ನೋಟಗಳನ್ನೆಲ್ಲ ಸುತ್ತುತ್ತಾರೆ. ಪ್ರಪಂಚದಲ್ಲೇ ಅತಿ ದೊಡ್ಡದೆಂಬ ದಾರದ ಉಂಡೆ, ಪ್ರಸಿದ್ಧರ ಮುಖವನ್ನು ಹೋಲುವ ತರಕಾರಿಗಳ ಸಂಗ್ರಹಾಲಯ, ಮೊಸಳೆಗಳ ನಡುವೆ ಚೆಂಡಾಡುವ ಮೈದಾನ, ನಾಲ್ವರು ಅಧ್ಯಕ್ಷರ ಮುಖಗಳನ್ನು ಕಡೆದ ರಶ್‌ಮೋರ್ ಬೆಟ್ಟ ಮುಂತಾದವು ದಾರಿಯಲ್ಲಿ ಬರುತ್ತವೆ. ಇದೆಲ್ಲ ಬರೀ ಕಟ್ಟುಕಥೆಯಲ್ಲ. ದಾರದ ಮಹಾ ಉಂಡೆಗಳು ಕಾನ್ಸಸ್ ರಾಜ್ಯದ ಕಾಕರ್ ಸಿಟಿಯಲ್ಲಿಯೂ ಮಿನ್ನೆಸೋಟದ ಡಾರ್ವಿನ್ ಎಂಬ ಊರಿನಲ್ಲಿಯೂ ನಿಜವಾಗಿಯೇ ಇವೆ, ಜನ ಹೋಗಿ ನೋಡುತ್ತಾರೆ. ತಮ್ಮ ದೇಶದ ಈ ಹುಚ್ಚಾಟವನ್ನು ನೋಡಿ ತಾವೇ ನಗುವ ಗುಣ ಈ ಆಟದಲ್ಲಿದೆ. ಅನ್ಯರನ್ನು ನೋಡಿ ನಗುವುದು ಸುಲಭ, ತನ್ನ ಮನೆಯನ್ನು ನೋಡಿ ನಗುವುದಕ್ಕೆ ಎದೆ ಬೇಕು. ಅಮೆರಿಕದ ಆಟಗಾರರು ಮೊದಲು ಹೊಗಳುವುದು ಈ ಗುಣವನ್ನೇ.

ಎರಡನೆಯದು ಮಾತಿನ ಸೊಗಸು. ಸ್ಯಾಮ್‌ಗೆ ಬಿಲ್ ಫಾರ್ಮರ್, ಮ್ಯಾಕ್ಸ್‌ಗೆ ನಿಕ್ ಜೇಮ್ಸನ್ ಎಂಬ ಕಲಾವಿದರು ಕಂಠದಾನ ಮಾಡಿದ್ದಾರೆ. ಎಂಥ ಅನಾಹುತ ನಡೆದರೂ ಸ್ಯಾಮ್ ದನಿಯೇರಿಸದೆ ದೊಡ್ಡ ದೊಡ್ಡ ಪದಗಳಲ್ಲಿ ಮಾತಾಡುತ್ತಾನೆ. ಮ್ಯಾಕ್ಸ್ ಒಂದೇ ಮಾತಿನಲ್ಲಿ ಅದನ್ನು ಒಡೆದುಹಾಕುತ್ತಾನೆ. ಇಂಥ ಆಟಗಳಲ್ಲಿ ಸಾಮಾನ್ಯವಾಗಿ ಪಾತ್ರವು ಆಡಬೇಕಾದ ಮಾತುಗಳ ಪಟ್ಟಿಯೇ ಪರದೆಯ ಮೇಲೆ ಮೂಡುತ್ತದೆ. ಆಟಗಾರನು ಓದಿ ಒಂದನ್ನು ಆರಿಸುತ್ತಾನೆ. ಓದಿದ ಮೇಲೆ ಅದನ್ನೇ ಕೇಳಿದರೆ ನಗು ಬರುವುದೆಂತು? ಇದನ್ನರಿತ ರಚನಕಾರರು ಮಾತುಗಳ ಬದಲಿಗೆ ಗುರುತುಗಳನ್ನಿಟ್ಟರು. ಕೇಳಬೇಕೆಂದರೆ ಪ್ರಶ್ನೆಯ ಚಿಹ್ನೆ, ಉದ್ಗರಿಸಬೇಕೆಂದರೆ ಆಶ್ಚರ್ಯಸೂಚಕ, ಸಂಬಂಧವಿಲ್ಲದ್ದನ್ನು ಆಡಬೇಕೆಂದರೆ ರಬ್ಬರಿನ ಬಾತುಕೋಳಿ! ಹೀಗಾಗಿ ಸ್ಯಾಮ್ ಬಾಯಿ ತೆರೆಯುವವರೆಗೆ ಏನು ಬರುವುದೆಂದು ಆಡುವವನಿಗೂ ತಿಳಿಯದು. ಹಾಸ್ಯದ ಜೀವವಿರುವುದೇ ಈ ಅನಿರೀಕ್ಷಿತದಲ್ಲಿ.

ಮೂರನೆಯದಾಗಿ, ಈ ಆಟದಲ್ಲಿ ಸಾವಿಲ್ಲ, ಸೋಲಿಲ್ಲ. ತಪ್ಪು ಮಾಡಿದವನನ್ನು ಕೊಂದು ಮತ್ತೆ ಮೊದಲಿನಿಂದ ಆಡಿಸುವ ಪದ್ಧತಿಯನ್ನು ಆ ಸಂಸ್ಥೆಯವರು ತಮ್ಮ ಸಾಹಸದ ಆಟಗಳಲ್ಲಿ ಬಿಟ್ಟುಬಿಟ್ಟಿದ್ದರು. ಹೆದರಿಕೆಯಿಲ್ಲದೆ ಏನನ್ನು ಬೇಕಾದರೂ ಪರೀಕ್ಷಿಸಿ ನೋಡಬಹುದು. ತಪ್ಪಿಗೆ ಬಹುಮಾನವಾಗಿ ಒಂದು ಹಾಸ್ಯದ ಮಾತಾದರೂ ಸಿಕ್ಕುತ್ತದೆ. ಪಾಠ ಹೇಳುವವರು ಗಮನಿಸಬೇಕಾದ ಸಂಗತಿ ಇದು.

ದೂರಿದವರು ದೂರಿದ್ದೇಕೆ?

ಇನ್ನು ನಾಣ್ಯದ ಮತ್ತೊಂದು ಮುಖ. ಆಟದ ತುಂಬ ಒಗಟುಗಳಿವೆ. ಒಂದು ಕಡೆ ಸಿಕ್ಕ ವಸ್ತುವನ್ನು ಇನ್ನೊಂದು ಕಡೆ ಬಳಸಬೇಕು. ಮೊಸಳೆಗಳ ಮೈದಾನದಲ್ಲಿ ಚೆಂಡುಗಳ ಬದಲಿಗೆ ಮೀನುಗಳನ್ನು ದಾಂಡಿನಿಂದ ಹೊಡೆದು, ಆ ಆಸೆಗೆ ಮೊಸಳೆಗಳು ಸಾಲಾಗಿ ಬಂದು ನಿಲ್ಲುವಂತೆ ಮಾಡಿ, ಅವುಗಳ ಬೆನ್ನ ಮೇಲೆ ನಡೆದು ಹೋಗಬೇಕು. ಇದು ಹುಚ್ಚಾದರೂ ಇದರಲ್ಲಿ ಒಂದು ತರ್ಕವಿದೆ, ಹೊಳೆದಾಗ ಸಂತೋಷವಾಗುತ್ತದೆ. ಆದರೆ ಕಡೆಯ ಘಟ್ಟದಲ್ಲಿ ಕಾಡುಮಾನವರ ಮಂತ್ರಕ್ಕೆ ಬೇಕಾದ ಸಾಮಗ್ರಿಗಳನ್ನು ನೋಡಿ: ಜಾನ್ ಮ್ಯೂರ್ ಎಂಬ ನಿಸರ್ಗಪ್ರೇಮಿಯ ಮುಖವನ್ನು ಹೋಲುವ ತರಕಾರಿ, ಕೂದಲು ಬೆಳೆಸುವ ತೈಲ, ಡೈನೋಸಾರ್‌ನ ಹಲ್ಲು, ಗಾಜಿನ ಗೋಳದೊಳಗಿನ ಸುಳಿ! ಯಾವುದಕ್ಕೆ ಯಾವುದು ಹೊಂದುವುದೆಂದು ಬಲ್ಲವರಾರು? ಅಕ್ಕಪಕ್ಕದ ವಸ್ತುಗಳನ್ನೆಲ್ಲ ಒಂದರ ಮೇಲೊಂದು ಒತ್ತಿ ನೋಡುವುದಲ್ಲದೆ ಬೇರೆ ದಾರಿಯಿಲ್ಲವೆಂಬುದು ಬಹುಜನರ ಆಕ್ಷೇಪ. ಪರದೆಯ ಮೂಲೆಯಲ್ಲಿನ ಸಣ್ಣ ವಸ್ತುವೊಂದು ಕಣ್ಣಿಗೆ ಬೀಳದೆ ಗಂಟೆಗಟ್ಟಲೆ ಅಲೆದಾಡಿದವರೂ ಇದ್ದಾರೆ. ನಡುವೆ ಬರುವ ಚಿಲ್ಲರೆ ಆಟಗಳು ಕಾಲಹರಣಕ್ಕಷ್ಟೇ ಎಂದವರೂ ಉಂಟು.

ನಾನೂ ಮೂರನೆಯ ಸಂಜೆ ಹೀಗೆ ಸಿಕ್ಕಿಬಿದ್ದೆ. ಏನನ್ನು ಮಾಡಹೊರಟರೂ ಸ್ಯಾಮ್ ಅದೇ ನಿರಾಕರಣೆಯ ಮಾತನ್ನಾಡುತ್ತಿದ್ದ. ಮೊದಲ ಸಲ ನಕ್ಕೆ, ಎರಡನೆಯ ಸಲ ಮುಗುಳ್ನಕ್ಕೆ, ಹತ್ತನೆಯ ಸಲ ಸಿಟ್ಟಾದೆ. ಆಗಲೇ ನನಗೆ ಈ ಎರಡು ಪಕ್ಷಗಳ ಗುಟ್ಟು ಹೊಳೆಯಿತು. ಹೊಗಳಿದವನೂ ದೂರಿದವನೂ ಆಡಿದ್ದು ಒಂದೇ ಆಟ, ಕೇಳಿದ್ದು ಒಂದೇ ಮಾತು. ದಾರಿ ಸಾಗುತ್ತಿದ್ದವನು ಅದನ್ನು ಒಂದು ಸಲ ಕೇಳಿದ, ದಾರಿ ತಪ್ಪಿದವನು ಹತ್ತು ಸಲ ಕೇಳಿದ. ಹಾಸ್ಯವು ಹತ್ತು ಸಲ ಬಡಿಸಬಹುದಾದ ಅಡುಗೆಯಲ್ಲ.

ಇನ್ನೊಂದು ಗುಟ್ಟು ವಯಸ್ಸಿನದು. ಹನ್ನೆರಡರ ವಯಸ್ಸಿನಲ್ಲಿ, ಅಂತರ್ಜಾಲದ ಸಹಾಯ ಕೈಗೆಟುಕದ ದಿನಗಳಲ್ಲಿ, ಅಣ್ಣನೋ ಗೆಳೆಯನೋ ಪಕ್ಕದಲ್ಲಿ ಕುಳಿತು ವಾರಗಟ್ಟಲೆ ಒಗಟು ಬಿಡಿಸಿದವರಿಗೆ ಈ ಆಟವೆಂದರೆ ಬಾಲ್ಯ. ಅವರ ಹೊಗಳಿಕೆಯಲ್ಲಿ ಆಟದ ಪಾಲೆಷ್ಟು, ಬಾಲ್ಯದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಇಂದು ಮೊದಲ ಬಾರಿಗೆ, ಒಬ್ಬನೇ ಕುಳಿತು, ಬಿಡುವಿನ ಒಂದು ಗಂಟೆಯಲ್ಲಿ ಆಡುವವನಿಗೆ ಆ ಋಣವಿಲ್ಲ. ಕಂಡ ಕೊರತೆಯನ್ನು ಕಂಡಂತೆ ಹೇಳುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದುದರಿಂದ ಸಹೋದರಿ, ‘ಯಾರನ್ನು ನಂಬಲಿ’ ಎಂಬ ನಿಮ್ಮ ಪ್ರಶ್ನೆಗೆ ನನ್ನ ಮೊದಲ ಉತ್ತರವಿದು: ತೀರ್ಪನ್ನು ಓದುವ ಮೊದಲು ತೀರ್ಪು ಕೊಟ್ಟವನು ಎಲ್ಲಿ ನಿಂತಿದ್ದನೆಂದು ನೋಡಿ.

ಆಟಗಾರರ ಪ್ರೀತಿ ಮತ್ತು ಹಟ

ಈ ಆಟದ ಮುಂದಿನ ಕಥೆಯಲ್ಲಿ ಆಟಗಾರರೇ ಪಾತ್ರಧಾರಿಗಳು. 1997ರಲ್ಲಿ ಈ ಜೋಡಿಯ ದೂರದರ್ಶನ ಮಾಲಿಕೆಯೊಂದು ಅಮೆರಿಕದಲ್ಲಿ ಆರಂಭವಾಗಿ 24 ಕಂತುಗಳಲ್ಲಿ ಪ್ರಸಾರವಾಯಿತು. ಆಟದ ಎರಡನೆಯ ಭಾಗವನ್ನು 2002ರಲ್ಲಿ ಘೋಷಿಸಿದ ಲೂಕಾಸ್‌ಆರ್ಟ್ಸ್, ಕೆಲಸ ಬಹುಮಟ್ಟಿಗೆ ಸಾಗಿದ್ದಾಗಲೇ, 2004ರ ಮಾರ್ಚ್ 3ರಂದು ಅದನ್ನು ಕೈಬಿಟ್ಟಿತು. ಮಾರುಕಟ್ಟೆಯ ಪರಿಸ್ಥಿತಿ ಅನುಕೂಲವಾಗಿಲ್ಲವೆಂಬುದು ಸಂಸ್ಥೆ ಕೊಟ್ಟ ಕಾರಣ. ಹತ್ತು ವರ್ಷ ಕಾದಿದ್ದ ಆಟಗಾರರು ಸಿಡಿದೆದ್ದರು. ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಸಂಸ್ಥೆ ಜಗ್ಗಲಿಲ್ಲ.

ಮನವಿ ವಿಫಲವಾಯಿತೆಂದು ಹೇಳುವುದು ಸುಲಭ. ಆದರೆ ಅದೇ ವರ್ಷ, ಆ ಸಂಸ್ಥೆಯಿಂದ ಹೊರಬಂದ ಕೆಲವರು ಟೆಲ್‌ಟೇಲ್ ಎಂಬ ಹೊಸ ಸಂಸ್ಥೆಯನ್ನು ಕಟ್ಟಿದರು. ಹಳೆಯ ಸಂಸ್ಥೆಯ ಪರವಾನಗಿ 2005ರಲ್ಲಿ ಮುಗಿದೊಡನೆ ಪರ್ಸೆಲ್ ತನ್ನ ನಾಯಿ-ಮೊಲಗಳನ್ನು ಈ ಹಳೆಯ ಸಂಗಾತಿಗಳ ಕೈಗೊಪ್ಪಿಸಿದ. 2006ರ ಅಕ್ಟೋಬರಿನಿಂದ ಆಟವು ಕಂತುಕಂತಾಗಿ ಬರತೊಡಗಿತು. ಮೊದಲ ಮಾಲೆಯಲ್ಲಿ ಆರು ಕಂತು, 2007-08ರ ಎರಡನೆಯ ಮಾಲೆಯಲ್ಲಿ ಐದು, 2010ರ ಮೂರನೆಯದರಲ್ಲಿ ಐದು. ಕೇಳುವವರು ಇದ್ದಾರೆಂಬ ಧೈರ್ಯವನ್ನು ಕೊಟ್ಟದ್ದು ಆ ಸಹಿಗಳಲ್ಲವೇ? ಮುಚ್ಚಿದ ಬಾಗಿಲನ್ನು ತಟ್ಟಿದ ಸದ್ದು ಕೆಲವೊಮ್ಮೆ ಪಕ್ಕದ ಮನೆಯ ಬಾಗಿಲನ್ನು ತೆರೆಸುತ್ತದೆ.

ಆದರೆ ಆಟಗಾರರನ್ನು ಮೆಚ್ಚಿಸುವುದು ಸುಲಭವೇ? ಹಳೆಯ ಒಗಟುಗಳು ಕಷ್ಟವೆಂದು ದೂರಿದವರಿಗಾಗಿ ಹೊಸ ಸಂಸ್ಥೆ ಒಗಟುಗಳನ್ನು ಹಗುರಗೊಳಿಸಿತು. ಎರಡನೆಯ ಮಾಲೆಯಲ್ಲಿ ಬೇಕಾದವರಿಗೆ ಬೇಕಾದಷ್ಟು ಸುಳಿವು ಕೊಡುವ ಏರ್ಪಾಡನ್ನೂ ಮಾಡಿತು. ಆಗ ಹಳಬರು ‘ಇದು ತೀರ ಸುಲಭವಾಯಿತು’ ಎಂದರು. ಕಂತುಗಳು ಬೇಗ ಬೇಗ ಬರಬೇಕೆಂದು ಅದೇ ಕಚೇರಿ, ಅದೇ ಬೀದಿ, ಅದೇ ಅಂಗಡಿಗಳನ್ನು ಮತ್ತೆ ಮತ್ತೆ ಬಳಸಿದಾಗ ‘ಕಂಡದ್ದನ್ನೇ ಎಷ್ಟು ಸಲ ಕಾಣುವುದು’ ಎಂದರು. ಹೊಸ ಕಂಠಗಳು ಬಂದಾಗ ಹಳೆಯವೇ ಚೆನ್ನಾಗಿದ್ದವೆಂದರು. ಕೆಲ ವರ್ಷಗಳ ಮೇಲೆ ಆ ಹೊಸ ಕಂಠಗಳೇ ಅವರ ಮನಸ್ಸಿನಲ್ಲಿ ನೆಲೆನಿಂತವು. ಮಾಡುವವನ ಪಾಡು ಅತ್ತ ದರಿ, ಇತ್ತ ಪುಲಿ!

ಇಷ್ಟಾದರೂ ಈ ದೂರುಗಳನ್ನು ಬರಿಯ ಕೊಂಕೆಂದು ತಳ್ಳಿಹಾಕಲಾಗದು. ಮಾಲೆಯಿಂದ ಮಾಲೆಗೆ ಸ್ಥಳಗಳು ಹೆಚ್ಚಿದವು, ಕಥೆ ಬಿಗಿಯಾಯಿತು. ಮೂರನೆಯ ಮಾಲೆಯಲ್ಲಿ ಐದು ಕಂತುಗಳೂ ಒಂದೇ ಕಥೆಯಾಗಿ ಹೆಣೆದುಕೊಂಡವು. ಕೊರತೆಯನ್ನು ಹೆಸರು ಹಿಡಿದು ಹೇಳಿದವರಿಂದ ಆದ ಉಪಕಾರವಿದು. ‘ಚೆನ್ನಾಗಿಲ್ಲ’ ಎಂಬ ಮಾತಿನಿಂದ ಯಾರಿಗೂ ದಾರಿ ತೋರದು. ‘ಈ ಕಡೆ ಹೀಗಾಗಿದೆ’ ಎಂಬ ಮಾತು ಕೆಲಸಗಾರನಿಗೆ ದೀಪ.

ಮಾಸಿದ ನಗು

ಟೆಲ್‌ಟೇಲ್ ಸಂಸ್ಥೆ 2018ರಲ್ಲಿ ನಿಂತುಹೋಯಿತು. ಹಿಂದೆ ಅಲ್ಲಿ ದುಡಿದಿದ್ದ ಕೆಲವರು ಸ್ಕಂಕ್‌ಏಪ್ ಎಂಬ ಪುಟ್ಟ ಸಂಸ್ಥೆ ಕಟ್ಟಿ, ಮೂರು ಮಾಲೆಗಳಿಗೂ ಹೊಸ ಹೊಳಪು ಕೊಟ್ಟು 2020, 2021 ಮತ್ತು 2024ರಲ್ಲಿ ಮತ್ತೆ ಹೊರತಂದರು. ಈ ಸಂದರ್ಭದಲ್ಲಿ ಎದ್ದ ಚರ್ಚೆಯೊಂದು ನಮ್ಮ ವಿಚಾರಕ್ಕೆ ಬಹಳ ಹತ್ತಿರದ್ದು.

ಕಥೆಯಲ್ಲಿ ಬಾಸ್ಕೊ ಎಂಬ ಅಂಗಡಿಯವನಿದ್ದಾನೆ. ಸದಾ ಯಾರೋ ತನ್ನ ಮೇಲೆ ಕಣ್ಣಿಟ್ಟಿದ್ದಾರೆಂಬ ಭಯದಿಂದ ದಿನಕ್ಕೊಂದು ವೇಷ ಹಾಕಿ, ಬೇರೆ ಬೇರೆ ದೇಶದವರಂತೆ ನಟಿಸುತ್ತಾನೆ. ಆತನು ಕಪ್ಪು ಜನಾಂಗಕ್ಕೆ ಸೇರಿದವನು, ಮೊದಲು ಕಂಠ ಕೊಟ್ಟವರು ಬಿಳಿಯ ಕಲಾವಿದರು. 2020ರ ಆವೃತ್ತಿಯಲ್ಲಿ ಆ ಮಾತುಗಳನ್ನು ಓಗಿ ಬ್ಯಾಂಕ್ಸ್ ಎಂಬ ಕಪ್ಪು ಕಲಾವಿದರಿಂದ ಮತ್ತೆ ಹೇಳಿಸಲಾಯಿತು. ಇಂದು ಕೇಳಿದರೆ ನೋವಾಗುವ ಕೆಲವು ಹಾಸ್ಯದ ಮಾತುಗಳನ್ನು ಬದಲಿಸಲಾಯಿತು. ಒಂದು ಗುಂಪಿನ ಆಟಗಾರರು ಕೆರಳಿದರು. ಬಾಲ್ಯದಲ್ಲಿ ಕೇಳಿದ್ದನ್ನು ತಿದ್ದಲು ನೀವಾರು ಎಂಬುದು ಅವರ ವಾದ. ಇನ್ನೊಂದು ಗುಂಪು, ಮೂಲದಲ್ಲಿ ದುಡಿದವರೇ ತಮ್ಮ ಕೆಲಸವನ್ನು ತಿದ್ದಿಕೊಂಡರೆ ತಪ್ಪೇನೆಂದು ಕೇಳಿತು.

ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕೆಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಇತಿಹಾಸದ ದಾಖಲೆ ಇತಿಹಾಸದಂತೆಯೇ ಇರಬೇಕು. ಆದರೆ ಅಂಗಡಿಯಲ್ಲಿ ಹೊಸದಾಗಿ ಮಾರಾಟಕ್ಕಿಡುವ ಆಟವು ದಾಖಲೆಯಷ್ಟೇ ಅಲ್ಲ, ಇಂದಿನ ಮಗುವಿನೊಡನೆ ಆಡುವ ಮಾತು. ನಮ್ಮ ನಗುವಿನ ಬೆಲೆಯನ್ನು ಇನ್ನೊಬ್ಬನು ತೆರಬೇಕಾಗಿದ್ದರೆ, ಅದು ನಮಗೆ ಅಂದು ತಿಳಿದಿರದಿದ್ದರೂ, ತಿಳಿದ ದಿನ ತಿದ್ದಿಕೊಳ್ಳುವುದೇ ಮಾನವಂತರ ಲಕ್ಷಣವೆಂದು ನನಗನ್ನಿಸುತ್ತದೆ. ತಿದ್ದಿದ ಮೇಲೂ ಆಟ ನಗಿಸುತ್ತಲೇ ಇದೆ.

ಮನೆಯ ಪ್ರಶ್ನೆಗೆ ಮರಳಿ

ಈಗ ಬೆಕ್ಕಿನ ಗಂಟಲಿಗೆ ಬರೋಣ. ಆಟದ ಮೊದಲಲ್ಲೇ ಬರುವ ನೋಟ ಅದು. ಪತ್ತೇದಾರರಿಗೆ ಬಂದ ಆದೇಶದ ಕಾಗದ ಬೆಕ್ಕಿನ ಹೊಟ್ಟೆ ಸೇರಿದೆ. ಮ್ಯಾಕ್ಸ್ ಅದನ್ನು ಕೈಹಾಕಿ ಹೊರತೆಗೆಯುತ್ತಾನೆ. ನಾನು ನೋಡಿದಾಗ ಮೊದಲು ನಗು ಬಂದಿತು, ಮರುಕ್ಷಣ ನಾಚಿಕೆಯಾಯಿತು. ದಯೆಯನ್ನು ಮೊದಲ ಪಾಠವಾಗಿ ಕಲಿಸುವ ನಮ್ಮ ಮನೆಗಳಲ್ಲಿ ಯಜಮಾನರಿಗೆ ಸಿಟ್ಟು ಬಂದುದು ಸಹಜವೇ. ಮ್ಯಾಕ್ಸ್ ಹೊಡೆಯುತ್ತಾನೆ, ಒಡೆಯುತ್ತಾನೆ, ಪಶ್ಚಾತ್ತಾಪವೆಂಬುದು ಅವನ ಜಾತಕದಲ್ಲೇ ಇಲ್ಲ.

ಆದರೆ ಯಜಮಾನರು ಒಂದು ನೋಟವನ್ನಷ್ಟೇ ಕಂಡರು. ಇನ್ನಷ್ಟು ಹೊತ್ತು ನಿಂತಿದ್ದರೆ ಆ ಕಥೆಯ ಖಳನು ಯಾರೆಂದು ಕಾಣುತ್ತಿದ್ದರು. ಕಾನ್ರಾಯ್ ಬಂಪಸ್ ಎಂಬ ಆ ಶ್ರೀಮಂತ ಗಾಯಕನು ಪ್ರಾಣಿಗಳನ್ನು ಹಿಂಸಿಸುವವನು. ಬ್ರೂನೊನನ್ನು ಹಿಡಿದು ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳಬೇಕೆನ್ನುವವನು. ಇಡೀ ಕಥೆಯು ಸೆರೆಯಲ್ಲಿ ಪ್ರದರ್ಶನಕ್ಕಿಟ್ಟ ಜೀವವೊಂದರ ಬಿಡುಗಡೆಯ ಕಥೆ. ಕೊನೆಯಲ್ಲಿ ಕಾಡುಮಾನವರ ಮಂತ್ರದಿಂದ ಅಮೆರಿಕದ ಪಶ್ಚಿಮ ಭಾಗವನ್ನೇ ಮಹಾವೃಕ್ಷಗಳು ಆವರಿಸಿಕೊಳ್ಳುತ್ತವೆ. ಕಾಡನ್ನು ಕಳೆದುಕೊಂಡವರಿಗೆ ಕಾಡು ಮರಳಿ ಬರುತ್ತದೆ. ಒಂದೇ ಆಟದಲ್ಲಿ ಬೆಕ್ಕಿನ ಗೋಳೂ ಇದೆ, ಬ್ರೂನೊನ ಬಿಡುಗಡೆಯೂ ಇದೆ. ಒಂದನ್ನೇ ಕಂಡು ಅಟ್ಟುವುದೂ ಸರಿಯಲ್ಲ, ಇನ್ನೊಂದನ್ನೇ ಹೇಳಿ ಅಪ್ಪುವುದೂ ಸರಿಯಲ್ಲ.

ಹದಿಹರೆಯ ದಾಟಿದ ಮಗನಿಗೆ ಇದು ಕೆಡುಕಲ್ಲ. ಮ್ಯಾಕ್ಸ್‌ನ ಅತಿರೇಕವು ಅಣಕವೆಂದು ಅವನು ಬಲ್ಲ. ಗುಂಡು ಹಾರಿಸಿ ಎಣಿಕೆ ಹೆಚ್ಚಿಸುವ ಆಟಗಳಿಗಿಂತ ಒಗಟು ಬಿಡಿಸುವ, ಮಾತು ಕೇಳಿಸಿಕೊಳ್ಳುವ ಈ ಆಟ ಮೇಲೆಂದೇ ಹೇಳಬೇಕು. ಒಂಬತ್ತು ವರ್ಷದ ಮಗಳ ಮಾತು ಬೇರೆ. ಅವಳಿಗೆ ನಾಯಿ, ಮೊಲ ಕಾಣುತ್ತವೆ, ಅಣಕ ಕಾಣದು. ಪಾತ್ರಗಳು ಪ್ರಾಣಿಗಳಾದ ಮಾತ್ರಕ್ಕೆ ಅದು ಮಕ್ಕಳ ಕಥೆಯಾಗುವುದಿಲ್ಲವೆಂಬುದನ್ನು ತಂದೆತಾಯಿಗಳು ನೆನಪಿಡಬೇಕು. ಅಮೆರಿಕದಲ್ಲಿ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಮಂಡಳಿ ಸ್ಥಾಪನೆಯಾದದ್ದು 1994ರಲ್ಲಿ, ಈ ಆಟ ಬಂದ ಮರುವರ್ಷ. ಹೊಸ ಆಟಗಳನ್ನು ಕೊಳ್ಳುವಾಗ ಆ ಗುರುತನ್ನು ನೋಡುವ ಅಭ್ಯಾಸ ಒಳ್ಳೆಯದು. ಆದರೆ ಯಾವ ಗುರುತೂ ಪಕ್ಕದಲ್ಲಿ ಕುಳಿತ ಹಿರಿಯರಿಗೆ ಸಮನಲ್ಲ.

ಹಾಗೆಂದು ಆಕೆಯನ್ನು ಎಬ್ಬಿಸಿ ಕಳುಹಿಸಬೇಡಿ, ಸಹೋದರಿ. ಆ ಕೆಲಸವನ್ನು ಅಣ್ಣನಿಗೇ ವಹಿಸಿ. ಯಾವ ಭಾಗವನ್ನು ತಂಗಿಗೆ ತೋರಿಸಬಹುದು, ಯಾವುದನ್ನು ಆಕೆ ದೊಡ್ಡವಳಾಗುವವರೆಗೆ ತಡೆಯಬೇಕು ಎಂಬುದನ್ನು ಅವನೇ ಯೋಚಿಸಲಿ. ಬೆಕ್ಕಿನ ನೋಟ ಬಂದರೆ, ‘ನಿಜವಾದ ಬೆಕ್ಕಿಗೆ ಹೀಗೆ ಮಾಡಿದರೆ ಏನಾದೀತು?’ ಎಂದು ಅವನೇ ಆಕೆಯನ್ನು ಕೇಳಲಿ. ಜವಾಬ್ದಾರಿ ಹೊತ್ತ ಅಣ್ಣನು ತಾನೂ ಎಚ್ಚರದಿಂದ ನಗುತ್ತಾನೆ. ಯಜಮಾನರಿಗೂ ಒಂದು ಮಾತು ಹೇಳಿ: ಒಂದು ಸಂಜೆ ಮಗನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಅವನು ಬಿಡಿಸಲಾರದ ಒಗಟೊಂದಕ್ಕೆ ತಲೆ ಕೊಡಲಿ. ಆಮೇಲೆ ಬೇಡವೆಂದರೂ ಆ ಬೇಡಕ್ಕೆ ತೂಕ ಬರುತ್ತದೆ. ಆಡದೆ ಆಡಿದ ಮಾತು ಮಕ್ಕಳ ಕಿವಿಗೆ ಹೋಗುವುದಿಲ್ಲ.

ಕಡೆಯದಾಗಿ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಇಬ್ಬರು ಸೋದರರ ಚಿತ್ರ. ಮುಂದೆ ಸ್ಟೀವ್ ಪರ್ಸೆಲ್ ಪಿಕ್ಸಾರ್ ಸಂಸ್ಥೆಯ ‘ಬ್ರೇವ್’ (2012) ಚಲನಚಿತ್ರದ ಸಹನಿರ್ದೇಶಕನಾದ. ಸ್ಯಾಮ್-ಮ್ಯಾಕ್ಸ್ ಚಿತ್ರಕಥೆಯೊಂದಕ್ಕೆ 2007ರಲ್ಲಿ ಐಸ್ನರ್ ಪ್ರಶಸ್ತಿಯನ್ನೂ ಪಡೆದ. ಆದರೆ ಇದಕ್ಕೆಲ್ಲ ಬೇರು, ಅಣಕಿಸಿದ ಅಣ್ಣನಿಗೆ ತನ್ನದನ್ನೇ ಬಿಟ್ಟುಕೊಟ್ಟ ತಮ್ಮನ ಮನಸ್ಸಿನಲ್ಲಿದೆ. ಅಣಕವು ಪ್ರೀತಿಯೊಳಗೆ ನಡೆದುದರಿಂದ ಗಾಯವಾಗಲಿಲ್ಲ. ನಿಮ್ಮ ಮನೆಯ ಅಣ್ಣ-ತಂಗಿಯರ ನಗುವೂ ಅಂಥದಾಗಲಿ. ಅದರಲ್ಲಿ ತಂದೆತಾಯಿಗಳಿಗೂ ಒಂದು ಜಾಗವಿರಲಿ. ತಂದೆ-ಮಗ ಮತ್ತೆ ಮಾತಾಡಿದ ಸುದ್ದಿಯನ್ನು ಬರೆದು ತಿಳಿಸಿ, ಕಾದಿರುತ್ತೇನೆ.